ಬಾಕಿ ಸಂಬಳಕ್ಕೆ ತಂಡವೇ ಸಿಕ್ಕಿತು, ಬಾಕಿ ಜಾಗಕ್ಕೆ ಏನು ಸಿಕ್ಕಿತು?

'ಉದ್ಯಮಿಗಳ ಕೈಲಿ ತಂಡ ಇದ್ರೆ ಆಟ ಹಾಳಾಗುತ್ತೆ, ಆಟಗಾರರೇ ಮಾಲೀಕರಾದ್ರೆ ಎಲ್ಲ ಸರಿಹೋಗುತ್ತೆ.' ಈ ಮಾತನ್ನು ನೀವೂ ಕೇಳಿರ್ತೀರಿ. ಪ್ರತಿ ಸಲ ಯಾವುದಾದರೂ ತಂಡ ಸಾವಿರಾರು ಕೋಟಿಗೆ ಮಾರಾಟವಾದಾಗ, ಅಥವಾ ನಿವೃತ್ತ ಆಟಗಾರರೊಬ್ಬರು ಕ್ಲಬ್ಬಿನಲ್ಲಿ ಪಾಲು ಖರೀದಿಸಿದಾಗ ಟೈಮ್‌ಲೈನ್ ತುಂಬ ಇದೇ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಡು ವರ್ಷ ಓದಲು ಹೋಗಿದ್ದಾಗ ಆ ನಂಬಿಕೆ ಸ್ವಲ್ಪ ಅಲುಗಾಡಿತು.

ಆ ಊರಿನಲ್ಲಿ ಮಾರಿಯೋ ಲೆಮ್ಯೂ ಎಂಬ ಹೆಸರನ್ನು ಯಾರೂ ಸುಮ್ಮನೆ ಹೇಳುವುದಿಲ್ಲ. ಒಂಥರಾ ಕೈಮುಗಿದೇ ಹೇಳ್ತಾರೆ. ಐಸ್ ಹಾಕಿ ಆಟಗಾರ. ನಮ್ಮ ಕೊಡಗಿನವರು ಆಡುವ ಹಾಕಿಯಲ್ಲ; ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು 'ಪಕ್' ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯುವ ಆಟ. ಲೆಮ್ಯೂ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡಕ್ಕೆ ಆಡಿದರು, ಆಮೇಲೆ ಅದೇ ತಂಡವನ್ನು ಕೊಂಡರು, ಕೊನೆಗೆ ಮಾರಿದರು. ಊರಿನವರು ಹೇಳುವ ಕಥೆ ಇಷ್ಟೇ: ಮುಳುಗುತ್ತಿದ್ದ ತಂಡವನ್ನು ಅವರು ಉಳಿಸಿದರು, ಒಂದಲ್ಲ, ಮೂರು ಸಲ.

ಕಥೆ ಸುಳ್ಳಲ್ಲ. ಆದರೆ ನಾನು ದಿನಾ ಸೆಂಟರ್ ಅವೆನ್ಯೂ ಮೂಲಕ ಡೌನ್‌ಟೌನ್‌ಗೆ ಹೋಗುವ ಬಸ್ ಹತ್ತುತ್ತಿದ್ದೆ. ಆ ಬಸ್ಸಿನ ಕಿಟಕಿಯಿಂದ ಎರಡು ಜಾಗ ಕಾಣುತ್ತಿದ್ದವು. ಒಂದು, ಬಾಗಿಲು ಮುಚ್ಚಿದ ದಿನಸಿ ಅಂಗಡಿ. ಇನ್ನೊಂದು, ಊರಿನ ನಟ್ಟನಡುವೆ ಎಕರೆಗಟ್ಟಲೆ ಹರಡಿದ್ದ ಕಾರ್ ಪಾರ್ಕಿಂಗ್. ಇಷ್ಟು ಬೆಲೆಬಾಳುವ ಜಾಗವನ್ನು ಯಾರು ಹೀಗೆ ಖಾಲಿ ಬಿಟ್ಟಿದ್ದಾರೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೂ ಲೆಮ್ಯೂ ಅವರ ತಂಡದ ಹೆಸರೇ. ಈ ಲೇಖನ ಆ ಹುಡುಕಾಟದ್ದು.

ಜೆರ್ಸಿ ತೊಡದ ಹುಡುಗ

ಲೆಮ್ಯೂ ಹುಟ್ಟಿದ್ದು 1965ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಮನೆಮಾತು ಫ್ರೆಂಚ್. ಆ ಭಾಷೆಯಲ್ಲಿ 'ಲ ಮ್ಯೂ' ಅಂದರೆ 'ಅತ್ಯುತ್ತಮ' ಅಂತಲೂ ಅರ್ಥವಾಗುತ್ತದೆ; ಹೆಸರಿಗೆ ತಕ್ಕ ಹಾಗೆ 1983-84ರಲ್ಲಿ ಕ್ವಿಬೆಕ್‌ನ ಜೂನಿಯರ್ ಲೀಗ್‌ನ 70 ಪಂದ್ಯಗಳಲ್ಲಿ 133 ಗೋಲು ಹೊಡೆದರು. 1984ರಲ್ಲಿ ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್‌ನ ಡ್ರಾಫ್ಟ್‌ನಲ್ಲಿ ಪಿಟ್ಸ್‌ಬರ್ಗ್ ಅವರನ್ನೇ ಮೊದಲಿಗರಾಗಿ ಆರಿಸಿತು. ಡ್ರಾಫ್ಟ್ ಅಂದರೆ ಹರಾಜಲ್ಲ. ಸೋತ ತಂಡಗಳಿಗೆ ಹೊಸ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಹಕ್ಕು. ಯಾವ ತಂಡಕ್ಕೆ ಆಡಬೇಕು ಅಂತ ಕೇಳುವ ಅವಕಾಶ ಹುಡುಗನಿಗೆ ಇರೋದಿಲ್ಲ.

ಅವತ್ತು 18ರ ಹುಡುಗ ಒಂದು ಕೆಲಸ ಮಾಡಿದ. ಹೆಸರು ಕರೆದಾಗ ತಂಡದ ಮೇಜಿನ ಹತ್ತಿರ ಹೋಗಲಿಲ್ಲ, ಜೆರ್ಸಿ ತೊಡಲಿಲ್ಲ. ಸಂಬಳದ ಮಾತುಕತೆ ಇನ್ನೂ ಕುದುರಿರಲಿಲ್ಲ. ಜನ ಅಹಂಕಾರ ಅಂದರು. ನನಗೆ ಮಾತ್ರ ಇದು ಅವರ ಇಡೀ ಬದುಕಿನ ಮೊದಲ ಪುಟದ ಹಾಗೆ ಕಾಣುತ್ತದೆ. ತನ್ನ ದುಡಿಮೆಗೆ ಬೆಲೆ ಇದೆ, ಆ ಬೆಲೆಯನ್ನು ಕೇಳಿಯೇ ಪಡೆಯಬೇಕು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ ಪಂದ್ಯದ ಮೊದಲ ಹೊಡೆತಕ್ಕೇ ಗೋಲು. 1988-89ರಲ್ಲಿ ಒಂದೇ ಋತುವಿನಲ್ಲಿ 199 ಪಾಯಿಂಟ್. 1991 ಮತ್ತು 1992ರಲ್ಲಿ ತಂಡಕ್ಕೆ ಸ್ಟ್ಯಾನ್ಲಿ ಕಪ್. 1993ರ ಜನವರಿಯಲ್ಲಿ ಹಾಡ್ಜ್‌ಕಿನ್ಸ್ ಎಂಬ ಕ್ಯಾನ್ಸರ್ ಪತ್ತೆಯಾಯಿತು. ಮಾರ್ಚ್ 2ರಂದು ವಿಕಿರಣ ಚಿಕಿತ್ಸೆಯ ಕೊನೆಯ ಸರದಿ ಮುಗಿಸಿ, ಅದೇ ರಾತ್ರಿ ಫಿಲಡೆಲ್ಫಿಯಾದಲ್ಲಿ ಆಡಿ ಗೋಲು ಹೊಡೆದರು. ಎದುರಾಳಿ ಊರಿನ ಪ್ರೇಕ್ಷಕರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆನ್ನುನೋವು ಇನ್ನೊಂದು ಕಡೆ. ಕೊನೆಗೆ 1997ರಲ್ಲಿ ನಿವೃತ್ತಿ ಹೇಳಿದರು.

ಸಂಬಳ ಬಾಕಿ ಇಟ್ಟುಕೊಂಡ ತಂಡ

ಇಲ್ಲಿಂದ ಕಥೆ ಆಟದಿಂದ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. 1992ರಲ್ಲಿ ತಂಡ ಅವರ ಜೊತೆ ಏಳು ವರ್ಷಕ್ಕೆ 4.2 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತ್ತು. ಆದರೆ ಆಗಿನ ಮಾಲೀಕರ ಹತ್ತಿರ ಅಷ್ಟು ನಗದು ಇರಲಿಲ್ಲ. 'ಈಗ ಸ್ವಲ್ಪ ತಗೊಳ್ಳಿ, ಉಳಿದದ್ದು ಆಮೇಲೆ ಕೊಡ್ತೀವಿ' ಅನ್ನುವ ವ್ಯವಸ್ಥೆ ಬಂತು. ಸಂಬಳ ಬಾಕಿ ಬೆಳೆಯುತ್ತಾ ಹೋಯಿತು. 1998ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿದಾಗ ಲೆಮ್ಯೂ ಅವರಿಗೆ ಬರಬೇಕಿದ್ದ ಹಣ ಸುಮಾರು 3.25 ಕೋಟಿ ಡಾಲರ್.

ದಿವಾಳಿ ಅಂದರೇನು ಅಂತ ಒಂದು ನಿಮಿಷ ನೋಡೋಣ, ಯಾಕೆಂದರೆ ರಾಜಕೀಯ ಇರೋದು ಇಲ್ಲೇ. ಕಂಪನಿ ಮುಳುಗಿದಾಗ ಸಾಲ ಕೊಟ್ಟವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಆಸ್ತಿಯನ್ನು ಅಡವು ಇಟ್ಟುಕೊಂಡ ಬ್ಯಾಂಕುಗಳು ಮುಂದೆ. ಅಡವು ಇಲ್ಲದೆ ಬರೀ ನಂಬಿಕೆಯ ಮೇಲೆ ಬಾಕಿ ಬಿಟ್ಟವರು ಹಿಂದೆ. ಹಿಂದಿದ್ದವರ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ತಳ ಮಾತ್ರ ಉಳಿದಿರುತ್ತದೆ. ಅಡವಿಲ್ಲದ ಆ ಸಾಲಿನಲ್ಲಿ ಅತಿ ದೊಡ್ಡ ಬಾಕಿ ಲೆಮ್ಯೂ ಅವರದ್ದೇ. ಅಂದರೆ ಎಷ್ಟೇ ಶ್ರೀಮಂತರಾಗಿದ್ದರೂ ಆ ಕ್ಷಣದಲ್ಲಿ ಅವರು ಸಂಬಳ ಸಿಗದ ಒಬ್ಬ ನೌಕರ.

ಅವರು ಕೋರ್ಟಿನ ಮುಂದೆ ಇಟ್ಟ ಪ್ರಸ್ತಾಪ ಸರಳವಾಗಿತ್ತು: ನನಗೆ ಕೊಡಬೇಕಾದ ಹಣದ ಬಹುಪಾಲನ್ನು ತಂಡದ ಷೇರಾಗಿ ಬದಲಿಸಿ, ತಂಡವನ್ನು ನಾನೇ ನಡೆಸುತ್ತೇನೆ, ಈ ಊರಿನಲ್ಲೇ ಉಳಿಸುತ್ತೇನೆ. ಜೊತೆಗೆ ಕ್ಯಾಲಿಫೋರ್ನಿಯಾದ ಹೂಡಿಕೆದಾರ ರಾನ್ ಬರ್ಕಲ್ ಹಣ ಹಾಕಿದರು. 1999ರಲ್ಲಿ ಕೋರ್ಟ್ ಒಪ್ಪಿತು. ಸುಮಾರು 10.7 ಕೋಟಿ ಡಾಲರ್‌ನ ವ್ಯವಹಾರದಲ್ಲಿ, ಜೇಬಿನಿಂದ ಹಾಕಿದ್ದಕ್ಕಿಂತ ಹೆಚ್ಚಾಗಿ ಕೈಗೆ ಬಾರದ ಸಂಬಳದ ಬಲದ ಮೇಲೆ, ಒಬ್ಬ ಆಟಗಾರ ತಾನು ಆಡಿದ್ದ ತಂಡದ ಯಜಮಾನನಾದ.

ಇದನ್ನು ಓದಿದಾಗ ನನಗೆ ನಿಜವಾಗಲೂ ಖುಷಿಯಾಗಿತ್ತು. ದುಡಿದವನ ಬಾಕಿ ಒಡೆತನವಾಗಿ ಬದಲಾಗೋದು ದಿನಾ ನಡೆಯೋ ಮಾತಲ್ಲ.

ಮೇಜಿನ ಎರಡೂ ಕಡೆ

2000ದ ಡಿಸೆಂಬರ್ 27ರಂದು ಲೆಮ್ಯೂ ಮತ್ತೆ ಮೈದಾನಕ್ಕಿಳಿದರು. ಆಟ ಶುರುವಾಗಿ 33 ಸೆಕೆಂಡಿಗೆ ಒಂದು ಗೋಲಿಗೆ ನೆರವಾದರು. ಆ ಋತುವಿನಲ್ಲಿ 43 ಪಂದ್ಯಗಳಿಂದ 76 ಪಾಯಿಂಟ್. ಮಾಲೀಕನೇ ಆಟಗಾರ, ಆಟಗಾರನೇ ಮಾಲೀಕ. ಟಿಕೆಟ್ ಮಾರಾಟ ಏರಿತು. 2002ರಲ್ಲಿ ಕೆನಡಾ ಒಲಿಂಪಿಕ್ ಚಿನ್ನ ಗೆದ್ದಾಗ ನಾಯಕರೂ ಅವರೇ.

ಆದರೆ ಮಾಲೀಕನ ಕುರ್ಚಿ ತನ್ನದೇ ಭಾಷೆ ಕಲಿಸುತ್ತದೆ. 2001ರಲ್ಲಿ ತಂಡದ ಇನ್ನೊಬ್ಬ ದೊಡ್ಡ ತಾರೆ ಯಾರೋಮಿರ್ ಯಾಗರ್ ಅವರನ್ನು ವಾಷಿಂಗ್ಟನ್‌ಗೆ ಬಿಟ್ಟುಕೊಟ್ಟರು. ಕಾರಣ ಅದೇ, ಸಂಬಳದ ಹೊರೆ. 2004-05ರಲ್ಲಿ ಮಾಲೀಕರು ಆಟಗಾರರಿಗೆ ಬೀಗಮುದ್ರೆ ಹಾಕಿದರು. ಸಂಬಳಕ್ಕೆ ಮಿತಿ ಬೇಕು ಅನ್ನೋದು ಮಾಲೀಕರ ಪಟ್ಟು, ಒಪ್ಪಲ್ಲ ಅನ್ನೋದು ಆಟಗಾರರ ಸಂಘದ ಪಟ್ಟು. ಇಡೀ ಋತುವೇ ರದ್ದಾಯಿತು. ಕೊನೆಗೆ ಗೆದ್ದವರು ಮಾಲೀಕರು: ಮುಂದಿನ ಋತುವಿಗೆ ಪ್ರತಿ ತಂಡದ ಒಟ್ಟು ಸಂಬಳಕ್ಕೆ 3.9 ಕೋಟಿ ಡಾಲರ್ ಮಿತಿ ಬಂತು. ನೆನಪಿರಲಿ, 1992ರಲ್ಲಿ ಲೆಮ್ಯೂ ಒಬ್ಬರ ಏಳು ವರ್ಷದ ಒಪ್ಪಂದವೇ 4.2 ಕೋಟಿ.

ಪಿಟ್ಸ್‌ಬರ್ಗ್‌ನಂಥ ಸಣ್ಣ ಊರಿನ ತಂಡಗಳು ಉಳಿಯಲು ಈ ಮಿತಿ ಬೇಕಿತ್ತು ಅನ್ನುವ ವಾದದಲ್ಲಿ ಹುರುಳಿದೆ. ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಗಮನಿಸಿ: ಜೆರ್ಸಿ ತೊಡದೆ ಚೌಕಾಸಿ ಮಾಡಿದ್ದ ಹುಡುಗ ಈಗ ಇತರರ ಚೌಕಾಸಿಗೆ ಬೇಲಿ ಹಾಕಿದವರ ಜೊತೆ ಕೂತಿದ್ದ. ಇದು ಅವರ ಗುಣದೋಷದ ಪ್ರಶ್ನೆಯಲ್ಲ, ಕುರ್ಚಿಯ ಪ್ರಶ್ನೆ. ಆಟಗಾರರೇ ಮಾಲೀಕರಾದರೆ ಎಲ್ಲ ಬದಲಾಗುತ್ತೆ ಅನ್ನುವವರು ಇದನ್ನು ಮರೀತಾರೆ.

2006ರ ಜನವರಿಯಲ್ಲಿ ಹೃದಯ ಬಡಿತದ ಏರುಪೇರಿನಿಂದಾಗಿ ಅವರು ಆಟಕ್ಕೆ ಶಾಶ್ವತವಾಗಿ ವಿದಾಯ ಹೇಳಿದರು. ಒಟ್ಟು 915 ಪಂದ್ಯ, 690 ಗೋಲು. ಇನ್ನು ಉಳಿದದ್ದು ವ್ಯವಹಾರ ಮಾತ್ರ.

'ಇಲ್ಲಾಂದ್ರೆ ಹೊರಟುಬಿಡ್ತೀವಿ'

ಪೆಂಗ್ವಿನ್ಸ್ ಆಡುತ್ತಿದ್ದ ಸಿವಿಕ್ ಅರೀನಾ 1961ರದ್ದು. ಹಳೆಯದಾಗಿತ್ತು, ಅದರಿಂದ ದುಡ್ಡು ಹುಟ್ಟುತ್ತಿರಲಿಲ್ಲ. ಹೊಸ ಅರೀನಾ ಬೇಕು ಅಂತ ತಂಡ ಕೇಳಿತು. ಕಟ್ಟಿಕೊಡೋರು ಯಾರು? 2006ರ ಅಕ್ಟೋಬರ್‌ನಲ್ಲಿ ಬ್ಲ್ಯಾಕ್‌ಬೆರಿ ಖ್ಯಾತಿಯ ಜಿಮ್ ಬಾಲ್ಸಿಲಿ 17.5 ಕೋಟಿ ಡಾಲರ್‌ಗೆ ತಂಡ ಕೊಳ್ಳಲು ಒಪ್ಪಿ, ಡಿಸೆಂಬರ್‌ನಲ್ಲಿ ಹಿಂದೆ ಸರಿದರು. ಒಂದು ಕ್ಯಾಸಿನೊ ಕಂಪನಿ 'ನಮಗೆ ಲೈಸೆನ್ಸ್ ಸಿಕ್ಕಿದರೆ ಅರೀನಾಗೆ 29 ಕೋಟಿ ಡಾಲರ್ ಕೊಡ್ತೀವಿ' ಅಂದಿತ್ತು. ಲೈಸೆನ್ಸ್ ಬೇರೆ ಕಂಪನಿಗೆ ಹೋಯಿತು.

2007ರ ಜನವರಿಯಲ್ಲಿ ಲೆಮ್ಯೂ ಮತ್ತು ಬರ್ಕಲ್ ಕಾನ್ಸಸ್ ಸಿಟಿಗೆ ಹೋದರು. ಅಲ್ಲಿ ಹೊಸ ಅರೀನಾ ಸಿದ್ಧವಾಗುತ್ತಿತ್ತು, ಅದಕ್ಕೊಂದು ತಂಡ ಬೇಕಿತ್ತು. ಪಿಟ್ಸ್‌ಬರ್ಗ್ ನಡುಗಿತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಅರ್ಧ ಜನ ಊರು ಬಿಟ್ಟದ್ದನ್ನು ಕಂಡವರ ಊರು ಅದು. 'ಇನ್ನೊಂದು ಹೊರಟುಹೋಗುತ್ತೆ' ಅನ್ನುವ ಭಯ ಅಲ್ಲಿ ಬಾಯಿಮಾತಲ್ಲ.

ಮಾರ್ಚ್‌ನಲ್ಲಿ ಒಪ್ಪಂದವಾಯಿತು. 30 ವರ್ಷ ತಂಡ ಊರಲ್ಲೇ ಇರುತ್ತೆ. ಹೊಸ ಅರೀನಾದ ವೆಚ್ಚ ಕೊನೆಗೆ ತಲುಪಿದ್ದು ಸುಮಾರು 32.1 ಕೋಟಿ ಡಾಲರ್. ಕ್ಯಾಸಿನೊದಿಂದ ವರ್ಷಕ್ಕೆ 75 ಲಕ್ಷ ಡಾಲರ್, ಜೂಜಿನ ತೆರಿಗೆಯಿಂದ ಬರುವ ರಾಜ್ಯದ ನಿಧಿಯಿಂದ ವರ್ಷಕ್ಕೆ ಇನ್ನೊಂದು 75 ಲಕ್ಷ, ಹೀಗೆ 30 ವರ್ಷ. ತಂಡದ ಪಾಲು ಅದಕ್ಕಿಂತ ಕಡಿಮೆ. ಜೊತೆಗೆ ಹಳೆಯ ಅರೀನಾ ಇದ್ದ 28 ಎಕರೆ ಜಾಗವನ್ನು ಅಭಿವೃದ್ಧಿ ಮಾಡುವ ಹಕ್ಕೂ ತಂಡಕ್ಕೇ.

2008ರ ಆಗಸ್ಟ್‌ನಲ್ಲಿ ಗುದ್ದಲಿ ಪೂಜೆ. ಅವತ್ತು ಲೆಮ್ಯೂ ನಿರಾಳವಾಗಿ ಒಪ್ಪಿಕೊಂಡರು: ಕಾನ್ಸಸ್ ಸಿಟಿಗೆ ಹೋಗುವ ಸಾಧ್ಯತೆಯೇ ಇರಲಿಲ್ಲ, ನಗರ ಮತ್ತು ರಾಜ್ಯದ ಮೇಲೆ ಒತ್ತಡ ಹಾಕಲು ಹಾಗೆ ಮಾಡಬೇಕಾಯಿತು ಅಂತ. ಅಲ್ಲಿ ಒಳ್ಳೆ ಊಟ ಸಿಕ್ಕಿತು ಅನ್ನುವ ತಮಾಷೆ ಬೇರೆ. ಜನ ನಕ್ಕರು. ತಂಡ ಉಳಿದಿತ್ತಲ್ಲ.

ಕ್ರೀಡಾಂಗಣಗಳಿಗೆ ಸಾರ್ವಜನಿಕ ಹಣ ಸುರಿದರೆ ಊರಿಗೆ ಲಾಭ ಬರೋದಿಲ್ಲ ಅನ್ನುವ ವಿಷಯದಲ್ಲಿ ಎಡ-ಬಲ ಎರಡೂ ಕಡೆಯ ಅರ್ಥಶಾಸ್ತ್ರಜ್ಞರು ಹೆಚ್ಚು ಕಡಿಮೆ ಒಂದೇ ಮಾತು ಹೇಳ್ತಾರೆ. ಸಿನಿಮಾಕ್ಕೋ ಹೋಟೆಲಿಗೋ ಹೋಗುತ್ತಿದ್ದ ದುಡ್ಡು ಅರೀನಾಗೆ ಹೋಗುತ್ತದೆ, ಅಷ್ಟೇ. ಆದರೂ ಸರ್ಕಾರಗಳು ಕೊಡುತ್ತಲೇ ಇರುತ್ತವೆ. ಯಾಕೆಂದರೆ ತಂಡ ಬಿಟ್ಟುಹೋದರೆ ಮೇಯರ್ ಹೆಸರು ಜನ ನೆನಪಿಡುತ್ತಾರೆ. ಮೂವತ್ತು ವರ್ಷದ ಕಂತನ್ನು ಯಾರೂ ನೆನಪಿಡಲ್ಲ.

ಸಾಲಿನಲ್ಲಿ ಇನ್ನೊಬ್ಬರಿದ್ದರು

ಈಗ ಬಸ್ಸಿನ ಕಿಟಕಿಗೆ ಬರೋಣ. ಆ 28 ಎಕರೆ ಬರೀ ಖಾಲಿ ಜಾಗವಲ್ಲ. ಅದು ಲೋವರ್ ಹಿಲ್. ಪಿಟ್ಸ್‌ಬರ್ಗ್‌ನ ಕಪ್ಪು ಜನರ ಬದುಕಿನ ಹೃದಯವಾಗಿದ್ದ ಹಿಲ್ ಡಿಸ್ಟ್ರಿಕ್ಟ್‌ನ ಕೆಳಭಾಗ. ಜಾಝ್ ಕ್ಲಬ್ಬುಗಳು, ಚರ್ಚುಗಳು, ಅಂಗಡಿಗಳು ತುಂಬಿದ್ದ ಬೀದಿಗಳು. ನಾಟಕಕಾರ ಆಗಸ್ಟ್ ವಿಲ್ಸನ್ ಹುಟ್ಟಿ ಬೆಳೆದ ಕೇರಿ. 1950ರ ದಶಕದಲ್ಲಿ 'ನಗರ ನವೀಕರಣ'ದ ಹೆಸರಲ್ಲಿ ಸರ್ಕಾರ ಅದನ್ನು ಕೆಡವಿತು. ಸುಮಾರು 8,000 ಜನ ಮನೆ ಕಳೆದುಕೊಂಡರು, ನೂರಾರು ಅಂಗಡಿಗಳು ಮುಚ್ಚಿದವು. ಅಲ್ಲಿ ಎದ್ದದ್ದೇ ಸಿವಿಕ್ ಅರೀನಾ. ಕೆಡವುವಿಕೆ ಇನ್ನೂ ಮೇಲಕ್ಕೆ ಹಬ್ಬದಂತೆ ಜನ ಸೆಂಟರ್ ಅವೆನ್ಯೂ ಮತ್ತು ಕ್ರಾಫರ್ಡ್ ಬೀದಿ ಕೂಡುವಲ್ಲಿ ನಿಂತು ತಡೆದರು. ಆ ಜಾಗಕ್ಕೆ ಈಗಲೂ 'ಫ್ರೀಡಂ ಕಾರ್ನರ್' ಅಂತಲೇ ಹೆಸರು.

ಇದನ್ನು ಮಾಡಿದ್ದು ಲೆಮ್ಯೂ ಅಲ್ಲ. ಅವರು ಹುಟ್ಟುವ ಮೊದಲಿನ ಮಾತು. ಆದರೆ ಯೋಚಿಸಿ: ಈ ಜನರೂ ಬಾಕಿದಾರರೇ. ಅವರಿಂದ ಜಾಗ ಹೋಯಿತು, ಕೊಡ್ತೀವಿ ಅಂದ ಹೊಸ ಮನೆಗಳು ಅಲ್ಲಿ ಬರಲಿಲ್ಲ. ಅವರ ಬಾಕಿ ಲೆಮ್ಯೂ ಅವರ ಬಾಕಿಗಿಂತ ನಾಲ್ಕು ದಶಕ ಹಳೆಯದು. ಅವರ ಹತ್ತಿರ ಇಲ್ಲದಿದ್ದದ್ದು ಎರಡೇ: ಸಹಿ ಹಾಕಿದ ಕಾಗದ, ಮತ್ತು ಕಿವಿಗೊಡುವ ಕೋರ್ಟು.

ಹೊಸ ಅರೀನಾ ಕಟ್ಟುವಾಗ ಹಿಲ್‌ನ ಸಂಘಟನೆಗಳು ಒಟ್ಟಾಗಿ 'ಒನ್ ಹಿಲ್' ಅಂತ ಒಕ್ಕೂಟ ಮಾಡಿಕೊಂಡು ಪಟ್ಟು ಹಿಡಿದವು. 2008ರಲ್ಲಿ ಒಂದು ಸಮುದಾಯ ಒಪ್ಪಂದ ಆಯಿತು. ಆ ಊರಲ್ಲಿ ಅಂಥದ್ದು ಅದೇ ಮೊದಲು. ಸ್ಥಳೀಯರಿಗೆ ಕೆಲಸದಲ್ಲಿ ಆದ್ಯತೆ, ಮುಂದಿನ ಅಭಿವೃದ್ಧಿಗೆ ಯೋಜನೆ, ಮತ್ತು ಒಂದು ದಿನಸಿ ಅಂಗಡಿಗೆ ನೆರವು. ಹೌದು, ದಿನಸಿ ಅಂಗಡಿ. ತಾಜಾ ತರಕಾರಿಗಾಗಿ ಬಸ್ ಹತ್ತಿ ಬೇರೆ ಬಡಾವಣೆಗೆ ಹೋಗಬೇಕಾದ ಜನರಿಗೆ ಅದು ಸಣ್ಣ ಬೇಡಿಕೆಯಲ್ಲ.

ಅಂಗಡಿ 2013ರಲ್ಲಿ ತೆರೆಯಿತು. 2019ರಲ್ಲಿ ಮುಚ್ಚಿತು. ನಾನು ಬಸ್ಸಿನಿಂದ ನೋಡುತ್ತಿದ್ದದ್ದು ಆ ಮುಚ್ಚಿದ ಬಾಗಿಲನ್ನೇ. ಒಂದು ಸಂಜೆ ಪಕ್ಕದ ಸೀಟಿನಲ್ಲಿದ್ದ ಅಜ್ಜಿಯೊಬ್ಬರ ಕಾಲ ಬಳಿ ನಾಲ್ಕು ಭಾರದ ಚೀಲಗಳಿದ್ದವು. ಇಳಿಸಲು ಕೈಕೊಟ್ಟೆ. ಮುಚ್ಚಿದ ಅಂಗಡಿಯ ಎದುರಿನ ಸ್ಟಾಪಿನಲ್ಲೇ ಅವರು ಇಳಿದರು. ಆ ಜಾಗಕ್ಕೆ ಮತ್ತೊಂದು ದಿನಸಿ ಅಂಗಡಿ ಬರಲು 2024 ಆಗಬೇಕಾಯಿತು.

ಹಳೆಯ ಅರೀನಾವನ್ನು 2012ರ ಹೊತ್ತಿಗೆ ಪೂರ್ತಿ ಕೆಡವಿದ್ದರು. ಆ ಜಾಗದಲ್ಲಿ ಮೊದಲ ದೊಡ್ಡ ಕಟ್ಟಡದ ಕೆಲಸ ಶುರುವಾದದ್ದು 2021ರಲ್ಲಿ. ನಡುವಿನ ಒಂಬತ್ತು ವರ್ಷ ಕಾರುಗಳು ನಿಲ್ಲುತ್ತಿದ್ದವು, ಪಾರ್ಕಿಂಗ್ ಹಣ ತಂಡಕ್ಕೆ ಹೋಗುತ್ತಿತ್ತು. ಕಟ್ಟಲು ಶುರು ಮಾಡಿದ್ದು ಮನೆಯಲ್ಲ, ಬ್ಯಾಂಕಿನ ಗೋಪುರ.

ಅದೇ 2021ರ ಕೊನೆಗೆ ಲೆಮ್ಯೂ ಮತ್ತು ಬರ್ಕಲ್ ತಂಡದ ಬಹುಪಾಲನ್ನು ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್‌ಗೆ ಮಾರಿದರು. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು ಇವರೇ. ವರದಿಯಾದ ಬೆಲೆ ಸುಮಾರು 90 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 6,700 ಕೋಟಿ ರೂಪಾಯಿಯ ಆಸುಪಾಸು. ಲೆಮ್ಯೂ ಸಣ್ಣ ಪಾಲು ಉಳಿಸಿಕೊಂಡರು. 22 ವರ್ಷದಲ್ಲಿ ಬೆಲೆ ಎಂಟು ಪಟ್ಟಿಗೂ ಹೆಚ್ಚು. ಆ ಬೆಲೆಯಲ್ಲಿ ಮೂರು ಕಪ್‌ಗಳ ಪಾಲಿದೆ, ಸಿಡ್ನಿ ಕ್ರಾಸ್ಬಿ ಎಂಬ ಆಟಗಾರನ ಪಾಲಿದೆ, ಸಂಬಳ ಮಿತಿಯ ಪಾಲಿದೆ. ಸಾರ್ವಜನಿಕ ನಿಧಿಯ ಪಾಲೂ ಇದೆ. ಆ ಪಾಲಿನವರಿಗೆ ಮಾತ್ರ ಮಾರಾಟದ ದಿನ ಒಂದು ಡಾಲರೂ ಬರಲಿಲ್ಲ.

ಹಾಗಾದರೆ ಅವರು ಖಳನಾಯಕರಾ?

ಅಲ್ಲ. ಅವರ ಪ್ರತಿಷ್ಠಾನ 1993ರಿಂದ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಡುತ್ತಿದೆ. ಅವರು ಇಲ್ಲದಿದ್ದರೆ 1999ರಲ್ಲಿ ತಂಡ ಊರು ಬಿಡುವ ಸಾಧ್ಯತೆ ನಿಜಕ್ಕೂ ಇತ್ತು. ಮ್ಯಾಚಿನ ರಾತ್ರಿ ಅರೀನಾದಲ್ಲಿ ಟಿಕೆಟ್ ಹರಿಯುವವರು, ಸುತ್ತಲಿನ ಬಾರಿನಲ್ಲಿ ಗ್ಲಾಸ್ ತೊಳೆಯುವವರು ಎಲ್ಲರೂ ಅವರಿಗೆ ಋಣಿ. ಬೇರೆ ಯಾವ ಮಾಲೀಕ ಇದ್ದರೂ ಇದನ್ನೇ ಮಾಡುತ್ತಿದ್ದ, ಬಹುಶಃ ಇನ್ನೂ ಒರಟಾಗಿ. ನನ್ನ ತಕರಾರು ಇರೋದು ಅಲ್ಲೇ. ಒಳ್ಳೆಯ ಮನುಷ್ಯ ಕೂತರೂ ಕುರ್ಚಿ ಅದೇ ಕೆಲಸ ಮಾಡಿಸುತ್ತದೆ ಅಂದರೆ, ನಾವು ಮಾತಾಡಬೇಕಾದದ್ದು ಮನುಷ್ಯನ ಬಗ್ಗೆ ಅಲ್ಲ, ಒಪ್ಪಂದದ ಬಗ್ಗೆ.

ಲೆಮ್ಯೂ ಅವರೇ ದಾರಿ ತೋರಿಸಿದ್ದಾರೆ. ಕೊಡಬೇಕಾದ ಹಣ ಕೊಡಲಾಗದಿದ್ದರೆ ಪಾಲು ಕೊಡಿ. ಇದೇ ನ್ಯಾಯ ಊರಿಗೂ ಯಾಕೆ ಇಲ್ಲ? ಸರ್ಕಾರ ಕ್ರೀಡಾಂಗಣಕ್ಕೆ ದುಡ್ಡು ಹಾಕಿದರೆ ತಂಡದಲ್ಲಿ ಷೇರು ಪಡೆಯಲಿ. ಜಾಗ ಕಳೆದುಕೊಂಡವರಿಗೆ ಪಾರ್ಕಿಂಗ್ ಆದಾಯದಲ್ಲಿ ಪಾಲು ಬರಲಿ. ತಂಡ ಮಾರಾಟವಾದ ದಿನ ಲಾಭದ ಒಂದು ಭಾಗ ಆ ಬಡಾವಣೆಗೆ ಹೋಗಲಿ. ಇದು ಕನಸಲ್ಲ: ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ 1923ರಿಂದಲೂ ಸಾಮಾನ್ಯ ಷೇರುದಾರರ ಕೈಯಲ್ಲೇ ಇದೆ. ಪುಟ್ಟ ಊರು, ಆದರೆ ಆ ತಂಡ ಯಾವತ್ತೂ 'ಹೊರಟುಬಿಡ್ತೀವಿ' ಅಂತ ಹೆದರಿಸಿಲ್ಲ. ಹೆದರಿಸಲು ಬೇರೆ ಯಜಮಾನನೇ ಇಲ್ಲ. ಆ ಲೀಗ್ ಈಗ ಹೊಸದಾಗಿ ಅಂಥ ಒಡೆತನಕ್ಕೆ ಅವಕಾಶವೇ ಕೊಡುವುದಿಲ್ಲ ಅನ್ನೋದು ಇನ್ನೂ ಹೆಚ್ಚು ಹೇಳುತ್ತದೆ.

ಮುಂದೆ ಯಾವ ಊರಿನ ಯಾವ ತಂಡವಾದರೂ ಸರಿ, 'ಸ್ಟೇಡಿಯಂ ಕಟ್ಟಿಕೊಡಿ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀವಿ' ಅಂದಾಗ ಅಭಿಮಾನಿಗಳಾಗಿ ನಾವು ಮೊದಲು ಹೆದರುತ್ತೇವೆ. ಹೆದರುವ ಮೊದಲು ಎರಡು ಪ್ರಶ್ನೆ ಕೇಳೋಣ. ಈ ಜಾಗದಲ್ಲಿ ಮೊದಲು ಯಾರಿದ್ದರು? ನಮ್ಮ ದುಡ್ಡಿಗೆ ನಮಗೆಷ್ಟು ಷೇರು? ಎರಡನೆಯದನ್ನು 1999ರಲ್ಲಿ ಕೋರ್ಟಿನಲ್ಲಿ ಕೇಳಿದ ಒಬ್ಬ ಆಟಗಾರನಿಗೆ ತಂಡವೇ ಸಿಕ್ಕಿತು.